ಹೊನ್ನಾಳಿಯ ಹೊಸ್ತಿಲಲ್ಲಿ ಬೆಲಾರೂಸ್ ಸ್ಟ್ರೈಕರ್

ಫುಟ್‌ಬಾಲ್ ತಂಡದಲ್ಲಿ ಕಿಟ್ ಮ್ಯಾನ್ ಆದವನು ನಗೋದಕ್ಕೆ ಬೇರೆಲ್ಲೂ ಹೋಗಬೇಕಿಲ್ಲ. ಒಂದಲ್ಲ ಒಂದು ನಡೆಯುತ್ತಲೇ ಇರುತ್ತದೆ. ಕಿಟ್ ಮ್ಯಾನ್ ಎಂದರೆ ಆಟಗಾರರ ಬೂಟು, ಬಟ್ಟೆ, ಚೆಂಡು ಜೋಪಾನ ಮಾಡುವವನು. ನಮ್ಮ ಹೊನ್ನಾಳಿಯಲ್ಲಿ ಇದನ್ನು ವಿವರಿಸಿದರೆ, "ಅಂದ್ರೆ ನೀನು ಆಡಲ್ಲ, ಒಗೀತೀಯ" ಅನ್ನುತ್ತಾರೆ.

ಬೆಂಗಳೂರಿನ ನಮ್ಮ ತಂಡಕ್ಕೆ ಬೆಲಾರೂಸ್ ದೇಶದ ಒಬ್ಬ ಸ್ಟ್ರೈಕರ್ ಬಂದ. ಗೋಲು ಹೊಡೆಯುವುದೇ ಅವನ ಕೆಲಸ. ಹಿಮದಲ್ಲಿ ಆಡಿ ಬೆಳೆದು, ಕಝಾಕಿಸ್ತಾನ, ಟರ್ಕಿ, ಇಂಡೋನೇಷ್ಯಾ ಎಂದು ಕಾಲು ಕರೆದುಕೊಂಡು ಹೋದಲ್ಲೆಲ್ಲ ಆಡಿದವನು. ಅಷ್ಟು ದೊಡ್ಡ ಆಟಗಾರ, ಅಭ್ಯಾಸ ಮುಗಿದ ಮೇಲೆ ನನ್ನ ಜೊತೆ ತಾನೂ ಬಗ್ಗಿ ಚೆಂಡು ಆಯುತ್ತಿದ್ದ. ಅದಕ್ಕೇ ನನಗೆ ಅವನೆಂದರೆ ಪ್ರಾಣ.

೧. ಬೂಟಿನ ಪೂಜೆ

ಆ ವರ್ಷ ಅವನಿಗೆ ಗೋಲೇ ಬೀಳುತ್ತಿರಲಿಲ್ಲ. ಹೊಡೆದ ಚೆಂಡು ಕಂಬಕ್ಕೆ ಬಡಿಯುತ್ತಿತ್ತು, ಗೋಲ್‌ಕೀಪರನ ಮೊಣಕಾಲಿಗೆ ಬಡಿಯುತ್ತಿತ್ತು, ಒಮ್ಮೆ ರೆಫರಿಗೂ ಬಡಿಯಿತು.

ಆಯುಧ ಪೂಜೆ ಬಂತು. ನಾನು ಅವನ ಬಲಗಾಲ ಬೂಟನ್ನು ಮಣೆಯ ಮೇಲಿಟ್ಟು ಕುಂಕುಮ ಹಚ್ಚಿ, ಹೂವಿಟ್ಟು, ನಿಂಬೆಹಣ್ಣು ಕುಯ್ದೆ. ಎಡಗಾಲಿನದಕ್ಕೆ ಯಾಕಿಲ್ಲ ಎಂದು ಕೇಳಿದ. ಎಡಗಾಲಲ್ಲಿ ನೀನು ಹೊಡೆದದ್ದೇನಿದೆ ಎಂದೆ. ಸ್ವಲ್ಪ ಯೋಚಿಸಿ ಒಪ್ಪಿಕೊಂಡ.

ಮುಂದಿನ ಪಂದ್ಯದಲ್ಲಿ ಗೋಲು ಬಿತ್ತು, ತಲೆಯಿಂದ. ಅದರ ನಂತರದ ಪಂದ್ಯದ ದಿನ ನಾನು ಬೂಟು ಜೋಡಿಸುತ್ತಿದ್ದಾಗ ಆ ಆರಡಿ ಮನುಷ್ಯ ಸದ್ದಿಲ್ಲದೆ ಬಂದು, ನನ್ನೆದುರು ಮಂಡಿಯೂರಿ ತಲೆ ಬಗ್ಗಿಸಿದ. ಕುಂಕುಮದ ಡಬ್ಬಿಯನ್ನು ಅವನೇ ತಂದಿದ್ದ.

೨. ಹೊರಡುವ ಮುನ್ನ

ಸೀಸನ್ ಮುಗಿಯುವ ಹೊತ್ತಿಗೆ ಅವನ ಮೊಣಕಾಲು ಕೈಕೊಟ್ಟಿತು. ವಾಸಿಯಾಗಿ ಓಡುವಂತಾದರೂ ಕ್ಲಬ್ಬಿನವರು ಮುಂದಿನ ವರ್ಷದ ಒಪ್ಪಂದದ ಮಾತೆತ್ತಲಿಲ್ಲ. ಫೋನ್ ಮಾಡುತ್ತೇವೆ ಎಂದರು, ಅಷ್ಟೇ. ಬೆಂಗಳೂರಿನಲ್ಲಿ ಒಬ್ಬನೇ ಕೂತು ಫೋನ್ ದಿಟ್ಟಿಸುವುದು ಬೇಡವೆಂದು ಹೊನ್ನಾಳಿಯ ನಮ್ಮ ಮನೆಗೆ ಕರೆದುಕೊಂಡು ಬಂದೆ.

ಬಂದ ಮರುದಿನ ಸೂಳೆಕೆರೆ ನೋಡಲು ಹೊರಟೆವು. ಬಾಗಿಲವರೆಗೆ ಬಂದವನು ವಾಪಸ್ ಹೋಗಿ ಕುರ್ಚಿಯಲ್ಲಿ ಕೂತುಬಿಟ್ಟ. "ಯಾರು ಸೀನಿದ್ರು?" ಎಂದು ಅವ್ವ ಅಡುಗೆಮನೆಯಿಂದ ಓಡಿಬಂದಳು. ನಮ್ಮಲ್ಲಿ ಹೊರಡುವಾಗ ಯಾರಾದರೂ ಒಂಟಿ ಸೀನು ಸೀನಿದರೆ ಕೂತು, ನೀರು ಕುಡಿದೇ ಹೊರಡಬೇಕು. ಜೋಡಿ ಸೀನಾದರೆ ದೋಷವಿಲ್ಲ. ಇವನನ್ನು ವಿಚಾರಿಸಿದರೆ, ಅವರ ದೇಶದಲ್ಲಿ ಯಾರೂ ಸೀನುವುದೇ ಬೇಕಿಲ್ಲವಂತೆ. ಪ್ರಯಾಣಕ್ಕೆ ಮುಂಚೆ ಎಲ್ಲರೂ ಒಂದು ಗಳಿಗೆ ಸುಮ್ಮನೆ ಕೂತೇ ಹೊರಡುವುದಂತೆ. ನಮ್ಮ ಸೀನಿನ ಶಾಸ್ತ್ರ ಕೇಳಿ ಅವನಿಗೂ ಬಲು ಖುಷಿಯಾಯಿತು, ಇನ್ನು ಮೇಲೆ ಎರಡನ್ನೂ ಪಾಲಿಸುತ್ತೇನೆ ಎಂದ.

ಅವ್ವ ತಲೆದೂಗಿದಳು. "ಸೀನೋಕಿಂತ ಮೊದ್ಲೇ ಕೂತ್ಕಂಬಿಡ್ತಾರಾ? ನಮಗಿಂತ ಹುಷಾರು ಜನ ಐತೆ ಬಿಡು."

೩. ಮಾವನ ಟ್ರ್ಯಾಕ್ಟರ್

ಇವನನ್ನು ನ್ಯಾಮತಿಗೆ ಕರೆದುಕೊಂಡು ಹೋಗಿ ನಮ್ಮ ಸೋದರಮಾವನಿಗೆ ಇವನ ಗೋಲುಗಳ ವಿಡಿಯೋ ತೋರಿಸಿದೆ. ಕ್ರಿಕೆಟ್ ಬರಲ್ವಾ ಎಂದು ಕೇಳಿದ. ಬೇಸರದಲ್ಲಿ, ಇವನ ತಂದೆ ಅಲ್ಲಿ ಟ್ರ್ಯಾಕ್ಟರ್ ಕಾರ್ಖಾನೆಯಲ್ಲಿದ್ದವರು ಎಂದುಬಿಟ್ಟೆ. ಹಾಗೆಂದದ್ದೇ ತಡ, ಮಾವ ಎದ್ದು ನಿಂತು ತನ್ನ ಕುರ್ಚಿ ಬಿಟ್ಟುಕೊಟ್ಟ.

ಹಿತ್ತಲಲ್ಲಿ ಮಾವನ ಟ್ರ್ಯಾಕ್ಟರ್ ಕೆಟ್ಟು ನಿಂತಿತ್ತು. ಇವನಿಗೆ ಟ್ರ್ಯಾಕ್ಟರಿನ ಗಂಧಗಾಳಿಯೂ ಇಲ್ಲ ಎಂದು ಎಷ್ಟು ಹೇಳಿದರೂ ಮಾವ ಕೇಳಲಿಲ್ಲ, ತಿಳಿದವರು ಯಾವಾಗಲೂ ಹಾಗೇ ಹೇಳುವುದು ಎಂದು ಕೀಲಿ ತಿರುಗಿಸುತ್ತ ಕೂತ. ನಮ್ಮ ಸ್ಟ್ರೈಕರ್ ಬಾನೆಟ್ ಎತ್ತಿ ಇಣುಕಿದ, ತಲೆ ಕೆರೆದುಕೊಂಡ. ಕೊನೆಗೆ ನಾಚಿಕೆ ತಡೆಯಲಾರದೆ ಬ್ಯಾಟರಿಯ ಡಬ್ಬಿಗೆ ಬಲಗಾಲಲ್ಲಿ ಮೆತ್ತಗೆ ಒಂದು ಒದೆ ಕೊಟ್ಟ. ಗುಡುಗುಡು ಎಂದು ಎಂಜಿನ್ ಶುರುವಾಯಿತು.

ಮಾವ ಇಳಿದು ಬಂದು ಅವನಿಗೆ ಕೈಮುಗಿದು, ನನ್ನ ಕಡೆ ತಿರುಗಿ ಗದರಿದ. "ಇಂಥ ಮೆಕ್ಯಾನಿಕ್ಕನ್ನ ಚೆಂಡು ಒದೆಯಾಕೆ ಹಚ್ಚೀರಲ್ಲಲೇ, ನಿಮ್ಮ ಬುದ್ಧಿಗಿಷ್ಟು."

೪. ಒಂಟಿ ಸೀನು

ದಿನಾ ಬೆಳಿಗ್ಗೆ ಹೊಳೆದಂಡೆಯಲ್ಲಿ ಓಡಿ ಬರುತ್ತಿದ್ದ, ಬಂದವನೇ ಫೋನ್ ನೋಡುತ್ತಿದ್ದ. ಕ್ಲಬ್ಬಿನ ಕರೆ ಬರಲೇ ಇಲ್ಲ. ಕೊನೆಗೊಂದು ಸಂಜೆ ಬೂಟುಗಳನ್ನು ಒರೆಸಿ ನನ್ನ ಕೈಗಿಟ್ಟ. "ನಾಳೆ ನನ್ನ ದೇಶಕ್ಕೆ ಹೊರಡ್ತೀನಿ. ನಿಮ್ಮ ಹೊಸ್ತಿಲು ದಾಟೋವರೆಗೆ ಕಾಯ್ತೀನಿ. ದಾಟಿದ ಮೇಲೆ ಫೋನ್ ಆಫ್, ಆಟವೂ ಆಫ್" ಎಂದು ತನ್ನ ಹರುಕು ಇಂಗ್ಲಿಷಿನಲ್ಲಿ ಹೇಳಿದ. ಅವನು ಒಮ್ಮೆ ಹೇಳಿದರೆ ಮುಗಿಯಿತು. ಇಂಥ ಆಟಗಾರ ಹೀಗೆ ಮುಗಿದುಹೋಗುತ್ತಾನಲ್ಲ ಎಂದು ನನಗೆ ಅಳುವೇ ಬಂತು. ಅವ್ವನಿಗೆ ಹೇಳಿದೆ. ಅವಳು ಸೀದಾ ಪಕ್ಕದ ಮನೆ ಅಜ್ಜಿಯ ಹತ್ತಿರ ಹೋಗಿ ಬಂದಳು.

ಬೆಳಿಗ್ಗೆ ಕಾರು ಬಂತು. ಅವನು ತಮ್ಮ ಪದ್ಧತಿಯಂತೆ ಕೂತು ಎದ್ದ. ಹೊಸ್ತಿಲ ಮೇಲೆ ಕಾಲೆತ್ತಿದ್ದಾನೆ, ಅಡುಗೆಮನೆಯಿಂದ ಅವ್ವನ ಸೀನು ಬಂತು. ಒಂದೇ ಸೀನು. ಅವನು ವಿಧೇಯನಾಗಿ ವಾಪಸ್ ಬಂದು ಕೂತು ನೀರು ಕುಡಿದ. ಮತ್ತೆ ಎದ್ದ, ಮತ್ತೆ ಸೀನು, ಮತ್ತೆ ನೀರು. ತುಂಬಿದ ಸ್ಟೇಡಿಯಂ ಕೂಗಿದರೂ ಜಗ್ಗದವನು ಅವ್ವನ ಸೀನಿಗೆ ಕೂತು ಏಳುವುದೇ ಆಯಿತು. ಅವನ ಹೊಟ್ಟೆಯೆಲ್ಲ ನೀರಾಯಿತು, ಕಾರಿನವನು ಹಾರ್ನ್ ಬಾರಿಸಿ ಸುಸ್ತಾದ.

ಇನ್ನೊಂದು ಲೋಟ ಬಾಯಿಗಿಟ್ಟಿದ್ದಾಗ ಫೋನ್ ಬಡಿದುಕೊಂಡಿತು. ಕೋಚ್ ಮಾತಾಡಿದರು. ಮೊಣಕಾಲಿನ ರಿಪೋರ್ಟ್ ಚೆನ್ನಾಗಿದೆ, ಇನ್ನೊಂದು ವರ್ಷ ಆಡು ಎಂದರು. ಅವನು ಲೋಟ ಬಿಟ್ಟು ಒಳಗೋಡಿ, ಗೆದ್ದ ಕಪ್ ಎತ್ತುವ ಹಾಗೆ ಅವ್ವನನ್ನು ಎತ್ತಿಬಿಟ್ಟ.

ಕೆಳಗಿಳಿದ ಅವ್ವನ ಮೂಗು ಕೆಂಪಾಗಿತ್ತು, ಕಣ್ಣಲ್ಲಿ ಧಾರಾಕಾರ ನೀರು. ಜ್ವರ ಬಂತೇನೋ ಎಂದು ಹತ್ತಿರ ಹೋದರೆ ಗಮ್ಮೆಂದು ನಶ್ಯದ ಘಾಟು! ಸೊಂಟದಲ್ಲಿ ಪಕ್ಕದ ಮನೆ ಅಜ್ಜಿಯ ನಶ್ಯದ ಡಬ್ಬಿ.

"ಅವ್ವಾ, ಬೇಕಂತ್ಲೇ ಸೀನಿದ್ಯಾ?"

ಅವ್ವ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ಗೋಲು ಹೊಡೆಯಾದು ಭಾಳ ಕಷ್ಟ ಅಂತೀರಲ್ಲ, ನಶ್ಯ ಏರಿಸ್ಕಂಡು ಒಂದೇ ಸೀನಿಗೆ ನಿಲ್ಸಿ ನೋಡ್ರಿ."