ಎರಡನೆಯ ಕತ್ತೆಯ ನೇಮಕಾತಿ

ಸೋಂಕಿನ ಕಾಲದಲ್ಲಿ ನಮ್ಮ ವೃದ್ಧರ ಶುಶ್ರೂಷಾಲಯದ ಮಹಿಳಾ ಸಿಬ್ಬಂದಿಯ ಮನಸ್ಸನ್ನು ಸುಸ್ಥಿತಿಯಲ್ಲಿಡಲು ಆಡಳಿತ ಮಂಡಳಿಯು ಒಂದು ಕತ್ತೆಯನ್ನು ನೇಮಿಸಿಕೊಂಡಿತು. ಹೆಸರು ಡೆಸ್ಮಂಡ್. ಇಡೀ ಮೇಯೋ ಕೌಂಟಿಯಲ್ಲಿ ಸಿಬ್ಬಂದಿಗಾಗಿ ಇಷ್ಟು ಮಾಡಿದವರು ಯಾರೂ ಇಲ್ಲವೆಂದು ಮಾಲೀಕರಾದ ಟಾನ್ಸಿಯವರು ಪತ್ರಿಕೆಯವರಿಗೆ ತಿಳಿಸಿದರು. ಫೋಟೋದಲ್ಲಿ ಇಬ್ಬರೂ ಚೆನ್ನಾಗಿ ಬಂದಿದ್ದರು.

ಕ್ರಮ ಸರಳವಾಗಿತ್ತು. ಮನಸ್ಸು ಕುಗ್ಗಿದವರು ಪಾಳಿ ಮುಗಿದ ಮೇಲೆ, ತಮ್ಮ ಸ್ವಂತ ಸಮಯದಲ್ಲಿ, ಡೆಸ್ಮಂಡ್‌ನ ಕುತ್ತಿಗೆ ಸವರಿ ದುಃಖ ಹೇಳಿಕೊಳ್ಳಬಹುದು. ಕೈಗವಸು ಕಡ್ಡಾಯ. ಕತ್ತೆಯ ಮುಂದೆ ಸಂಬಳದ ವಿಷಯ ಎತ್ತಕೂಡದು.

ಮೊದಲ ವಾರವೇ ಲುಸ್ವಿಮಿಂಡಾ ನನ್ನ ಕೊಠಡಿಗೆ ಬಂದಳು. ಫಿಲಿಪೀನ್ಸಿನಿಂದ ಬಂದ ಆರೈಕೆಯ ಹೆಂಗಸು. ಆ ತಿಂಗಳು ನಮ್ಮಲ್ಲಿ ಸತ್ತವರಲ್ಲಿ ಹೆಚ್ಚಿನವರ ಕೈ ಹಿಡಿದು ಕೂತಿದ್ದವಳು.

"ಮೇಟ್ರನ್, ನಮ್ಮಮ್ಮ ಹೋಗ್ಬಿಟ್ರು. ಊರಿಗೆ ವಿಮಾನ ಇಲ್ಲ. ನಾಳೆಯಿಂದ ಒಂಬತ್ತು ದಿನ ಮನೇಲಿ ಜಪಮಾಲೆ ಪ್ರಾರ್ಥನೆ. ಅಲ್ಲಿ ಸಂಜೆ ಆದಾಗ ಇಲ್ಲಿ ಮಧ್ಯಾಹ್ನ. ಫೋನಲ್ಲಾದ್ರೂ ಸೇರ್ಕೋತೀನಿ, ಬಿಡುವು ಕೊಡಿ."

ಮಧ್ಯಾಹ್ನವೆಂದರೆ ವೃದ್ಧರಿಗೆ ಊಟ ತಿನ್ನಿಸುವ ಹೊತ್ತು. ನಿಯಮದಲ್ಲಿ ಅವಕಾಶವಿರಲಿಲ್ಲ. "ಡೆಸ್ಮಂಡ್ ಹತ್ರ ಹೇಳ್ಕೊಮ್ಮ," ಎಂದೆ.

"ಹೋಗಿದ್ದೆ. ಅವನಿಗೆ ಮಧ್ಯಾಹ್ನ ವಿಶ್ರಾಂತಿಯಂತೆ. ಬೋರ್ಡ್ ಹಾಕಿದಾರೆ."

ಹಾಕಿಸಿದವಳು ನಾನೇ. ಕತ್ತೆಯ ನೇಮಕದ ಒಪ್ಪಂದದ ಪ್ರಕಾರ ಆ ಹೊತ್ತಿನಲ್ಲಿ ಅದನ್ನು ಯಾರೂ ಮಾತನಾಡಿಸಕೂಡದು. ಇತರರ ದುಃಖ ಕೇಳಿ ಕೇಳಿ ಪ್ರಾಣಿಗಳು ಬಳಲುತ್ತವೆ.

ಬಟ್ಟೆ ಒಗೆಯುವ ಅಡೆಬಿಸಿ ಬಾಗಿಲಲ್ಲೇ ನಿಂತಿದ್ದಳು. "ಲೇ ಲುಸ್, ದುಡಿಯೋದ್ರಲ್ಲಿ ನೀನೂ ಅವನೂ ಒಂದೇ ಕಣೆ. ಬಾಲ ಒಂದಿದ್ದಿದ್ರೆ ನಿಂಗೂ ಬಿಡುವು ಸಿಕ್ತಿತ್ತು!"

"ಶಿಸ್ತು, ಅಡೆಬಿಸಿ," ಎಂದೆ.

ಅಂದು ಸಂಜೆ ಡೆಸ್ಮಂಡ್ ಮೇವು ಬಿಟ್ಟಿತು. ಪ್ರಾಣಿ ದಯಾ ಸಂಘದ ಪರಿವೀಕ್ಷಕಿ ಬಂದು ನೋಡಿದರು. "ಕತ್ತೆ ಒಂಟಿಯಾಗಿದ್ರೆ ಕೊರಗುತ್ತೆ. ವಿಶ್ರಾಂತಿ ಹೊತ್ತಲ್ಲಾದ್ರೂ ಪಕ್ಕದಲ್ಲಿ ಇನ್ನೊಂದು ಕತ್ತೆ ಇರ್ಲೇಬೇಕು. ಇಲ್ಲಾಂದ್ರೆ ಇದನ್ನ ಕರ್ಕೊಂಡು ಹೋಗ್ತೀವಿ," ಎಂದು ನಿಯಮಾವಳಿ ಕೊಟ್ಟು ಹೋದರು.

ಟಾನ್ಸಿಯವರು ಬಿಳುಚಿಕೊಂಡರು. "ಫೋಟೋ ಬೇರೆ ಬಂದ್ಬಿಟ್ಟಿದೆ! ಇನ್ನೊಂದನ್ನ ಸಾಕೋಕಾಗುತ್ತಾ? ಇರೋರಲ್ಲೇ ಯಾರನ್ನಾದ್ರೂ ಹಾಕಿ, ಮೇಟ್ರನ್."

ನಿಯಮಾವಳಿ ಓದಿದೆ. ಜೊತೆಗಾರ ಕತ್ತೆಯು ಶಾಂತ ಸ್ವಭಾವದ್ದಾಗಿರಬೇಕು, ಭಾರ ಹೊತ್ತು ಅಭ್ಯಾಸವಿರಬೇಕು, ಒದೆಯಬಾರದು. ನಾಲ್ಕು ಕಾಲಿರಬೇಕೆಂದು ಎಲ್ಲಿಯೂ ಬರೆದಿರಲಿಲ್ಲ. ಬರೆಯದಿರುವುದನ್ನು ಓದಬಾರದೆಂದು ಕಾನ್ವೆಂಟಿನಲ್ಲಿ ನಮಗೆ ಕಲಿಸಿದ್ದರು. ಲುಸ್ವಿಮಿಂಡಾಳನ್ನು ಕರೆಸಿದೆ.

"ಕತ್ತೆ ಅಂತ ಬರೀತೀನಿ. ಪರವಾಗಿಲ್ವಾ?"

"ಇಷ್ಟು ದಿನ ಏನಂತ ಬರೆದಿದ್ರಿ, ಮೇಟ್ರನ್?"

ಸಿಬ್ಬಂದಿ ಪುಸ್ತಕ ತೆಗೆದು ನೋಡಿದೆ. 'ತಾತ್ಕಾಲಿಕ ಸಹಾಯಕಿ' ಎಂದಿತ್ತು. ಕತ್ತೆಗೆ ಸವಲತ್ತು ಹೆಚ್ಚು. ಮುದ್ರೆ ಒತ್ತಿದೆ.

"ಸಂಬಳ ಜಾಸ್ತಿ ಆಗಲ್ಲ ತಾನೆ?" ಎಂದರು ಟಾನ್ಸಿ.

"ಇಲ್ಲ ಸಾರ್. ಕ್ಯಾರೆಟ್ ಮಾತ್ರ."

ಮಾರನೆಯ ದಿನದಿಂದ ಲುಸ್ವಿಮಿಂಡಾ ಮಧ್ಯಾಹ್ನ ಲಾಯಕ್ಕೆ ಹೋಗಿ, ಫೋನನ್ನು ಮೇವಿನ ತೊಟ್ಟಿಗೆ ಒರಗಿಸಿ, ಒಣಹುಲ್ಲಿನ ಮೇಲೆ ಮಂಡಿಯೂರಿದಳು. ಡೆಸ್ಮಂಡ್ ಮೇವು ತಿನ್ನತೊಡಗಿತು. ಅವಳ ಪಾಲಿನ ವೃದ್ಧರಿಗೆ ನಾನು ಊಟ ತಿನ್ನಿಸಿದೆ; ಕತ್ತೆಗಳ ವಿಶ್ರಾಂತಿ ಮೇಟ್ರನ್ನಿನ ಹೊಣೆಗೆ ಸೇರಿದ್ದು.

ಒಂಬತ್ತನೆಯ ದಿನ, ಅದೇ ಹೊತ್ತಿಗೆ, ಪರಿವೀಕ್ಷಕಿ ಹೇಳದೆ ಕೇಳದೆ ಬಂದರು. ಟಾನ್ಸಿಯವರು ಬೆವರುತ್ತಾ ಹಿಂದೆ ಓಡಿದರು, ಅವರ ಹಿಂದೆ ನಾನು. ಲಾಯದ ಅರೆಬಾಗಿಲಿನಿಂದ ಮೂವರೂ ಇಣುಕಿದೆವು. ಫೋನಿನೊಳಗೆ ಇಡೀ ಕುಟುಂಬ ಪ್ರಾರ್ಥಿಸುತ್ತಿತ್ತು. ಲುಸ್ವಿಮಿಂಡಾ ಡೆಸ್ಮಂಡ್‌ನ ಕುತ್ತಿಗೆಗೆ ಹಣೆಯೊತ್ತಿ, ತಿಂಗಳಿಂದ ಅಳದಿದ್ದುದನ್ನೆಲ್ಲ ಅಳುತ್ತಿದ್ದಳು.

ಪರಿವೀಕ್ಷಕಿ ಬಹಳ ಹೊತ್ತು ನೋಡಿದರು. ನಿಯಮಾವಳಿ ತೆರೆದರು, ಮುಚ್ಚಿದರು. ದನಿ ತಗ್ಗಿಸಿ, "ಎರಡನೇದು ಅಳ್ತಿದೆಯಲ್ಲ?" ಎಂದರು.

"ಅದರ ತಾಯಿ ಸತ್ತಿದೆ," ಎಂದೆ.

"ಅಯ್ಯೋ ಪಾಪ. ಹಾಗಾದ್ರೆ ಎರಡು ವಾರ ಯಾವ ಭಾರನೂ ಹೊರಿಸ್ಬೇಡಿ. ಮಲಗ್ಲಿ. ನಮ್ಮಲ್ಲಿ ನಿಯಮ ಇದೆ," ಎಂದು ಬರೆದುಕೊಟ್ಟು, ತುದಿಗಾಲಿನಲ್ಲಿ ಹೊರಟುಹೋದರು.

ಟಾನ್ಸಿಯವರು ಆ ರಜೆಗೆ ಸಹಿ ಹಾಕಿದರು. ಆದರೆ ಲುಸ್ವಿಮಿಂಡಾ ರಜೆಯಲ್ಲಿರುವಾಗ ಡೆಸ್ಮಂಡ್ ಒಂಟಿಯಾಗುವಂತಿಲ್ಲ. ಆದ್ದರಿಂದ ಬದಲಿ ಕತ್ತೆಯ ಹುದ್ದೆಗೆ ಅರ್ಜಿ ಕರೆಯಲಾಯಿತು. ಮಹಿಳಾ ಸಿಬ್ಬಂದಿಯೆಲ್ಲರೂ ಅಂತರ ಕಾಯ್ದುಕೊಂಡು ಸಾಲು ನಿಂತರು. ಮೊದಲನೆಯವಳು ಅಡೆಬಿಸಿ.

"ಒದೆಯೋ ಅಭ್ಯಾಸ ಇದೆಯಾ?" ಎಂದು ಟಾನ್ಸಿಯವರು ಕೇಳಿದರು.

"ಇಲ್ಲೀವರೆಗೂ ಇಲ್ಲ ಸಾರ್."

ಅರ್ಹತೆ ಸರಿಯಾಗಿತ್ತು. ಮುದ್ರೆ ಒತ್ತಿದೆ.