ಖಾಲಿ ಕೊಪ್ಪರಿಗೆ

ಟ್ರ್ಯಾಕ್ಟರ್ ಮಗುಚಿ ಸತ್ತ ಕುಬಾತನನ್ನು ಮಣ್ಣು ಮಾಡಿ, ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗ್ಗೆ ಅವನ ಹೆಂಡತಿ ಮೇರಿಮ್ ಕಲ್ಲಿದ್ದಲು ತರಲು ಹಿತ್ತಲ ಕೊಟ್ಟಿಗೆಗೆ ಹೋದಳು. ಮೂಲೆಯಲ್ಲಿ ಗಂಡನ ಹಳೆಯ ಕೋಟು ಹೊದ್ದು ಯಾರೋ ಕುಕ್ಕರುಗಾಲಲ್ಲಿ ಕುಳಿತಂತಿತ್ತು. ಕೋಟು ಎಳೆದರೆ ಕೊಪ್ಪರಿಗೆ. ಇಡೀ ಬೀದಿಗೆ ಪಲಾವ್ ಬೇಯಿಸುವಂಥದ್ದು. ಹಿಡಿಯ ಮೇಲಿನ ಕೆಂಪು ಬಣ್ಣ ನೋಡಿದರೆ ಸಾಕು, ಕೊನೆಮನೆಯ ಕಾಲಿಪಾಳದ್ದೆಂದು ನರೀನ್ ಊರಿನ ನಾಯಿಗೂ ಗೊತ್ತಾಗುತ್ತದೆ.

ಕುಬಾತ್ ಇದನ್ನು ಯಾಕೆ ತಂದ? ಕೊಪ್ಪರಿಗೆಗೆ ಹೆದರಿಯೇ ಓಡಿಬಂದವರಲ್ಲವೇ ಅವರಿಬ್ಬರು! ಅವಳಪ್ಪ ಮದುವೆಯೂಟಕ್ಕೆ ಮೂರು ಕುದುರೆ ಕಡಿಸುವ ಮಾತೆತ್ತಿದಾಗ, "ಓಡಿಹೋಗೋಣ ಬಾ" ಎಂದವಳು ಅವಳೇ. ಈರುಳ್ಳಿ ಲಾರಿಯ ಹಿಂದೆ ಕುಳಿತು ಬಂದಿದ್ದರು. ಆಗಿನ್ನೂ ಬದುಕಿದ್ದ ಅತ್ತೆ ಹೊಸಿಲಲ್ಲಿ ಸೊಸೆಯಾಗಿ ಬರಮಾಡಿಕೊಳ್ಳುವ ಬಿಳಿ ವಸ್ತ್ರವನ್ನು ತಲೆಗೆ ಹೊದಿಸುವಾಗ ಅವಳ ಕಣ್ಣಲ್ಲಿ ಧಾರಾಕಾರ ನೀರು. ಹೆತ್ತವರನ್ನು ನೆನೆದು ಎಷ್ಟು ಲಕ್ಷಣವಾಗಿ ಅಳುತ್ತಾಳೆಂದು ಬೀದಿಯೆಲ್ಲ ಮೆಚ್ಚಿಕೊಂಡಿತ್ತು. ಈರುಳ್ಳಿಯ ಹೆಸರು ಯಾರೂ ಎತ್ತಲಿಲ್ಲ.

ಮದುವೆಯಲ್ಲಿ ಅವಳು ತಪ್ಪಿಸಿಕೊಂಡಿದ್ದ ಜನಜಂಗುಳಿ ಮೊನ್ನೆ ಮಣ್ಣಿಗೆ ಬಂದೇ ಬಂತು. ಇವತ್ತು ಅವಳಿಗೆ ಬೇಕಾಗಿದ್ದು ಒಂದೇ: ಇದನ್ನು ತಲುಪಿಸಿ ಬಂದು, ಬಾಗಿಲು ಹಾಕಿಕೊಂಡು, ಯಾರ ಮುಖವನ್ನೂ ನೋಡದೆ ಕೂರುವುದು.

ತಳ್ಳುಗಾಡಿ ಗೇಟು ದಾಟಿರಲಿಲ್ಲ, ಪಕ್ಕದ ಮನೆಯ ಮುದುಕಿ ಬುರುಲ್ಚಾ ಬೇಲಿಯ ಮೇಲೆ ಒಂಟೆಯಂತೆ ಕತ್ತು ಚಾಚಿದಳು.

"ಎಲ್ಲಿಗೇ ಸೊಸೆ, ತೌರಿಗಾ?"

"ಕೊಪ್ಪರಿಗೆ ಹೇರ್ಕೊಂಡು ತೌರಿಗೆ ಯಾರು ಹೋಗ್ತಾರೆ ಅಜ್ಜಿ? ಕಾಲಿಪಾ ಅಕ್ಕಂಗೆ ವಾಪಸ್ ಕೊಡೋಕೆ."

"ಖಾಲಿದನ್ನಾ? ಎರವಲು ಪಾತ್ರೆ ಖಾಲಿ ಕೊಟ್ರೆ ಆ ಮನೆ ಒಲೆ ಆರಿಹೋಗುತ್ತೆ ಕಣೇ! ಓದಿದೋಳು, ಅಷ್ಟೂ ಗೊತ್ತಿಲ್ವಾ?"

"ಒಂದು ರೊಟ್ಟಿ ಇಡ್ತೀನಿ ಬಿಡಿ."

"ಇದ್ರೊಳಗೆ ಒಂದು ರೊಟ್ಟಿನಾ? ಹುಡುಕೋಕೆ ಕಾಲಿಪಾ ಏಣಿ ಹಾಕ್ಕೊಂಡು ಇಳೀಬೇಕು!"

ಬುರುಲ್ಚಾ ಒಳಗೆ ಹೋದವಳು ಅಕ್ಕಿಯ ಮೂಟೆ ಎಳೆದು ತಂದು ಕೊಪ್ಪರಿಗೆಗೆ ದೊಪ್ಪನೆ ಹಾಕಿದಳು. ಸದ್ದಿಗೆ ಎದುರು ಮನೆಯ ಮುದುಕ ಸಪರಾಲಿ ಹೊರಬಂದ, ಬರಿಗೈಯಲ್ಲಲ್ಲ, ಅರ್ಧ ಕುರಿ ಹೊತ್ತು.

"ಬೇಡ ತಾತ! ಇದು ನಂದಲ್ಲ."

"ನಿಂಗೆ ಅಂತ ಯಾರಮ್ಮ ಕೊಟ್ರು? ಸುಮ್ನೆ ತಳ್ಳು."

ಆಮೇಲೆ ಗೇಟುಗಳು ಒಂದರ ಹಿಂದೊಂದು ತೆರೆದವು. ಕ್ಯಾರೆಟ್ ಬಂತು, ಎಣ್ಣೆ ಬಂತು, ಒಣದ್ರಾಕ್ಷಿ ಬಂತು. ಮೇರಿಮ್ ಬೇಡವೆಂದಷ್ಟೂ ಹೆಚ್ಚು ಬಂತು. ಭಾರಕ್ಕೆ ಚಕ್ರ ಕಳಚಿತು. ಸಪರಾಲಿ ತನ್ನ ಬೆಲ್ಟು ಬಿಚ್ಚಿ ಬಿಗಿದ. ಅಲ್ಲಿಂದಾಚೆ ಒಂದು ಕೈಯಲ್ಲಿ ಗಾಡಿ, ಇನ್ನೊಂದರಲ್ಲಿ ಪ್ಯಾಂಟು ಹಿಡಿದು ನಡೆದ. ಹಿಂದೆ ಬೀದಿಯೇ ಬರುತ್ತಿತ್ತು. ಯಾರಿಗೂ ಕಾಣದೆ ಹೋಗಿಬರಬೇಕೆಂದು ಹೊರಟವಳು ದಿಬ್ಬಣದ ಮುಂದೆ ನಡೆದಂತಿತ್ತು.

ಕಾಲಿಪಾ ಗೇಟಿನಲ್ಲೇ ನಿಂತಿದ್ದಳು. ಕೊಪ್ಪರಿಗೆಯೊಳಗೆ ಇಣುಕಿದವಳಿಗೆ ಆಶ್ಚರ್ಯವೇ ಆಗಲಿಲ್ಲ.

"ಅಕ್ಕಿ ಬಂತು. ಕ್ಯಾರೆಟ್ ಬಂತು. ಏನಪ್ಪಾ ಸಪರಾಲಿ, ಕುರಿ ಬಾಲದ ಕೊಬ್ಬೆಲ್ಲಿ? ಕೊಬ್ಬಿನ ಸಮೇತ ಅಂತ ತಾನೇ ನೀನು ಒಪ್ಕೊಂಡಿದ್ದು?"

"ಒಪ್ಕೊಂಡಿದ್ದಾ? ಯಾರಿಗೆ?" ಮೇರಿಮ್ ಕೇಳಿದಳು.

ಸಪರಾಲಿ ಪ್ಯಾಂಟು ಸರಿಮಾಡಿಕೊಳ್ಳತೊಡಗಿದ. ಬುರುಲ್ಚಾ ಆಕಾಶ ನೋಡಿದಳು.

"ನಿನ್ನ ಗಂಡಂಗೆ ಕಣೇ," ಎಂದಳು ಕಾಲಿಪಾ. "ಬರೋ ಶನಿವಾರ ನಿಮ್ಮ ಮದುವೆ ಊಟ ಹಾಕ್ಸೋನಿದ್ದ. ಮನೆಗೊಂದು ಸಾಮಾನು ಕೊಡಿ, ಅವಳಿಗೆ ಮಾತ್ರ ಹೇಳ್ಬೇಡಿ ಅಂತ ಗೇಟು ಗೇಟಿಗೂ ಹೋಗಿದ್ದ. 'ನನ್ನ ಕೈಲಿ ಖರ್ಚು ಮಾಡ್ಸಬಾರ್ದು ಅಂತ ಪಾಪ ಓಡಿಬಂದ್ಲು ಅಕ್ಕ, ಆಸೆ ಇರಲ್ವಾ ಹೆಣ್ಣಿಗೆ' ಅಂತಿದ್ದ. ಅವನಿಗೆ ಕೊಟ್ಟ ಮಾತು. ಎತ್ತಿಟ್ಟಿದ್ದನ್ನ ಮನೇಲಿ ಇಟ್ಕೊಂಡು ನಾವು ತಿನ್ನೋದು ಹೇಗೆ ಹೇಳು?"

ಮೇರಿಮ್ ಗಾಡಿಯ ಹಿಡಿ ಬಿಡಲಿಲ್ಲ.

"ನನಗೆ ಊಟ ಬೇಕಿರ್ಲಿಲ್ಲ ಅಕ್ಕ. ನಿಜವಾಗ್ಲೂ ಬೇಕಿರ್ಲಿಲ್ಲ."

"ಅವನಿಗೆ ಬೇಕಿತ್ತು."

ಎರಡು ವರ್ಷ ಒಂದೇ ಮನೆಯಲ್ಲಿದ್ದು ಈ ಒಂದು ಮಾತು ಅವರಿಬ್ಬರ ನಡುವೆ ಬಂದೇ ಇರಲಿಲ್ಲ.

"ಸರಿ," ಎಂದಳು ಮೇರಿಮ್ ಕೊನೆಗೆ. "ಕೊಪ್ಪರಿಗೆ ಕೊಟ್ಟಾಯ್ತು. ನಾನಿನ್ನು ಬರ್ತೀನಿ."

"ಎಲ್ಲಿಗೆ? ಇವತ್ತು ಗಂಡಿಲ್ದೆ ಮಾಡ್ತಿರೋದೇ ಸಾಕು, ಹೆಣ್ಣೂ ಇಲ್ದೆ ಮದುವೆ ಊಟ ಹಾಕು ಅಂತೀಯಾ?"

ಯಾರೋ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಕಾಲಿಪಾ ಕೊಪ್ಪರಿಗೆಯ ಒಂದು ಹಿಡಿಗೆ ಕೈ ಹಾಕಿ ಕಾದಳು. ಮೇರಿಮ್ ಅಂಗಿಯ ತೋಳು ಮಡಚಿಕೊಂಡು ಇನ್ನೊಂದನ್ನು ಹಿಡಿದಳು. ಇಬ್ಬರೂ ಸೇರಿ ಅದನ್ನು ಒಲೆಯ ಮೇಲೆ ಇಳಿಸಿದರು.