ಒಂದಾಳು ಕಮ್ಮಿ

ಎಲ್ಕಾನಾ ಆವತ್ತು ಓಣಿಯ ಅಡ್ಡದಾರಿ ಹಿಡಿದದ್ದೇ ತಪ್ಪಾಯಿತು. ಹಿಡಿಯದೆ ಗತಿಯೂ ಇರಲಿಲ್ಲ. ನೇರ ದಾರಿಯಲ್ಲಿ ಹೋದರೆ ಜೆರುಸಲೇಮಿನ ಸಂತೆಯಲ್ಲಿ ಮಾವ ಶಬ್ತಾಯರ ಉಪ್ಪಿನಕಾಯಿ ಅಂಗಡಿ ಸಿಗುತ್ತದೆ.

"ಏನ್ ಅಳಿಯಂದ್ರೇ, ಇನ್ನೂ ಓದ್ತಾನೇ ಇದೀರಾ? ನಮ್ಮಂಗಡೀಲಿ ಒಂದಾಳು ಕಮ್ಮಿ ಇದೆ" ಎಂದು ಮಾವ ಆಲಿವ್ ಡಬ್ಬದ ಮೇಲೆ ಮಡಚಿಟ್ಟ ಹೊಸ ಏಪ್ರನ್ ಕಡೆ ಕಣ್ಣು ಹಾಯಿಸುತ್ತಾರೆ.

ಯಹೂದಿ ಅಧ್ಯಯನದ ಪಿಎಚ್‌ಡಿಗೆ ಈ ಸಲವೂ ಫೆಲೋಶಿಪ್ ಸಿಗದಿದ್ದರೆ ಓದು ಬಿಟ್ಟು ಆ ಏಪ್ರನ್ ಕಟ್ಟಿಕೊಳ್ಳುತ್ತೇನೆಂದು ಎಲ್ಕಾನಾ ಹೆಂಡತಿ ತಿರ್ಜಾಳಿಗೆ ಮಾತು ಕೊಟ್ಟಿದ್ದ. ಹಿಂದಿನ ಎರಡು ಸಲ ಸಂದರ್ಶನಕ್ಕೂ ಕರೆದಿರಲಿಲ್ಲ. ಈ ಸಲ ಕರೆದಿದ್ದರು, ಅದೂ ಇವತ್ತೇ ಬೆಳಿಗ್ಗೆ.

ಓಣಿಯ ಪುಟ್ಟ ಪ್ರಾರ್ಥನಾಮಂದಿರದ ಬಾಗಿಲಲ್ಲಿ ಅದರ ಮೇಲ್ವಿಚಾರಕ ಮುದುಕ ಜಲ್ಮಾನ್ ಬಕಪಕ್ಷಿಯ ಹಾಗೆ ನಿಂತಿದ್ದ. ಎಲ್ಕಾನಾನ ತೋಳು ಅವನ ಕೈಗೆ ಸಿಕ್ಕಿತು. ಮನುಷ್ಯರನ್ನು ಎಣಿಸಬಾರದು ಅನ್ನುವ ಪದ್ಧತಿಯಂತೆ ಜಲ್ಮಾನ್ ತನ್ನನ್ನೂ ಸೇರಿಸಿ ಒಳಗಿದ್ದವರನ್ನು "ಒಂದಲ್ಲ, ಎರಡಲ್ಲ" ಎಂದು ಶುರುಮಾಡಿ "ಒಂಬತ್ತಲ್ಲ" ಅನ್ನುವಲ್ಲಿಗೆ ನಿಲ್ಲಿಸಿದ.

"ಒಂದಾಳು ಕಮ್ಮಿ. ಬಾ ಮಗಾ."

"ಸಂದರ್ಶನ ಇದೆ ಅಜ್ಜ, ಬಿಡಿ."

"ಒಳಗೆ ಒಬ್ಬರು ಪರಊರಿಂದ ಬಂದಿದಾರೆ. ಇವತ್ತು ಅವರಪ್ಪನ ತಿಥಿ. ಹತ್ತು ಗಂಡಸರು ಸೇರ್ದೆ ಅಪ್ಪನ ಹೆಸರಲ್ಲಿ ಕದ್ದೀಶ್ ಪ್ರಾರ್ಥನೆ ಹೇಳೋ ಹಾಗಿಲ್ಲ. ನೀನು ಹೋದ್ರೆ ಅವರು ಹಾಗೇ ವಾಪಸ್ ಹೋಗ್ತಾರೆ ಅಷ್ಟೆ."

ಮೂಲೆಯಲ್ಲಿ ವಯಸ್ಸಾದವರೊಬ್ಬರು ಪ್ರಾರ್ಥನೆಯ ಶಾಲು ಸವರಿಕೊಳ್ಳುತ್ತ ಬಾಗಿಲನ್ನೇ ನೋಡುತ್ತಿದ್ದರು. ಎಲ್ಕಾನಾನಿಗೆ ತೀರಿಹೋದ ತನ್ನ ಅಪ್ಪನ ನೆನಪಾಯಿತು. ಒಳಗೆ ಹೋದ.

ಹೋದವನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಗಡಿಯಾರ ನೋಡಿ ನೋಡಿ ಗಾಬರಿಯಾಗಿ, ಪ್ರಾರ್ಥನೆಯ ನಡುವೆಯೇ ಜಲ್ಮಾನನ ಕಿವಿಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಉಸುರಿದ: "ಹತ್ತು ಜನ ಕೂಡಿ ಶುರುಮಾಡಿದ್ಮೇಲೆ ಒಬ್ಬ ಎದ್ದು ಹೋದ್ರೂ ಉಳಿದವರು ಮುಗಿಸ್ಬಹುದು ಅಜ್ಜ. ನನ್ನ ಸಂಶೋಧನೆಯೇ ಅದು."

ಜೆರುಸಲೇಮಿನ ಒಂಬತ್ತು ಗಂಡಸರ ನಡುವೆ ಧರ್ಮಸೂಕ್ಷ್ಮ ಎತ್ತುವುದೂ ಒಂದೇ, ಜೇನುಗೂಡಿಗೆ ಕೈ ಹಾಕುವುದೂ ಒಂದೇ. ಒಬ್ಬ, ಮುಗಿಸಬಹುದು, ಆದರೆ ಎದ್ದು ಹೋದವನಿಗೆ ಪಾಪ ತಪ್ಪದು ಅಂದ. ಇನ್ನೊಬ್ಬ, ಯಾವ ಗ್ರಂಥದಲ್ಲಿದೆ ತೋರಿಸು ಎಂದು ಕಪಾಟು ತೆಗೆದ. ಪ್ರಾರ್ಥನೆಯ ನಡುವೆ ಮಾತಾಡಬಾರದು ಎಂಬುದರ ಬಗ್ಗೆಯೂ ಬಹಳ ಹೊತ್ತು ಮಾತಾಡಿದರು. ಮೂಲೆಯಲ್ಲಿದ್ದವರು ಮಾತ್ರ ಎಲ್ಕಾನಾನ ವಾದವನ್ನು ಕಿವಿಗೊಟ್ಟು ಕೇಳಿ ಮುಗುಳ್ನಕ್ಕರು. ಸುಮ್ಮನೆ ಪ್ರಾರ್ಥಿಸಿದ್ದರೆ ಅಷ್ಟರಲ್ಲಿ ಮುಗಿದೇ ಹೋಗಿರುತ್ತಿತ್ತು.

ಕೊನೆಗೆ ಮೂಲೆಯ ಹಿರಿಯರು ಕದ್ದೀಶ್ ಹೇಳಿದರು. ಎಲ್ಕಾನಾ ಎಲ್ಲರಿಗಿಂತ ಜೋರಾಗಿ ಆಮೆನ್ ಅಂದ. ಓಡಿಹೋಗದೆ ಇದ್ದದ್ದಕ್ಕೆ ಅವನಿಗೆ ನಿಜಕ್ಕೂ ಸಮಾಧಾನವಾಯಿತು.

ಆದರೆ ಬಿಡಬೇಕಲ್ಲ. ಸತ್ತವರ ಆತ್ಮಕ್ಕೆಂದು ಕೇಕು, ಒಂದು ಗುಟುಕು ಮದ್ಯ. ಬೇಡ ಅನ್ನುವಂತಿಲ್ಲ. ಎರಡನೆಯದನ್ನು ಜಲ್ಮಾನ್ ಕೇಳದೆಯೇ ಸುರಿದ.

ಬಸ್ಸು ತಪ್ಪಿ, ಏರಿನಲ್ಲಿ ಓಡಿ, ಗಡ್ಡದಲ್ಲಿ ಕೇಕಿನ ಪುಡಿ, ಬಾಯಲ್ಲಿ ಮದ್ಯದ ವಾಸನೆ ಹೊತ್ತು ವಿಶ್ವವಿದ್ಯಾಲಯ ಮುಟ್ಟಿದಾಗ ಹೊತ್ತು ಮೀರಿತ್ತು. ಕತೆ ಮುಗಿಯಿತು ಅಂದುಕೊಂಡೇ ಬಾಗಿಲು ತಳ್ಳಿದ. ನಡುವಿನ ಕುರ್ಚಿಯಲ್ಲಿ ಆಗಷ್ಟೇ ಟ್ಯಾಕ್ಸಿ ಇಳಿದು ಬಂದು ಕೂತಿದ್ದವರು ಮೂಲೆಯ ಆ ಹಿರಿಯರೇ. ಸಮಿತಿಯ ಅಧ್ಯಕ್ಷತೆಗೆಂದು ಹೈಫಾದಿಂದ ಬಂದ ಪ್ರೊಫೆಸರ್ ಗೆರ್ಶೋನ್.

"ಬಾರಪ್ಪ, ಬಾ" ಎಂದು ಅವರು ಬೆಳಗಿನ ಕತೆಯನ್ನೆಲ್ಲ ಉಳಿದಿಬ್ಬರು ಸದಸ್ಯರಿಗೆ ಹೇಳಿದರು. ಇಂಥ ಹುಡುಗ, ಇಂಥ ಪಾಂಡಿತ್ಯ ಎಂದು ಹೊಗಳಿದರು. ಎಲ್ಕಾನಾ ಹಿಗ್ಗಿ ಹೀರೇಕಾಯಿಯಾದ. ಮಾವನ ಏಪ್ರನ್ ಬೇರೆ ಯಾರ ಕೊರಳಿಗೋ ಹೋಯಿತು ಅಂದುಕೊಂಡ.

"ನೀನು ಮಾಡಿದ ಉಪಕಾರ ಸಾಯೋತನಕ ಮರೆಯಲ್ಲ" ಎಂದು ಗೆರ್ಶೋನ್ ಎದ್ದು ನಿಂತರು. "ನಿನ್ನ ಋಣ ನನ್ನ ಮೇಲಿದೆ. ಋಣ ಇಟ್ಕೊಂಡು ನಿನ್ನ ಅರ್ಜಿ ಮೇಲೆ ತೀರ್ಪು ಕೊಡೋದು ನ್ಯಾಯ ಅಲ್ಲ. ನಿಯಮವೂ ಒಪ್ಪಲ್ಲ. ನಾನು ಹೊರಗಿರ್ತೀನಿ."

ಸಮಿತಿಯ ಹೆಂಗಸು ಕನ್ನಡಕ ತೆಗೆದಿಟ್ಟರು. "ಮೂವರು ಇರ್ಲೇಬೇಕು. ಒಂದಾಳು ಕಮ್ಮಿ ಬಿತ್ತಲ್ಲಪ್ಪ."

"ಮೇಡಂ, ಎಲ್ಲರೂ ಕೂಡಿ ಶುರುಮಾಡಿದ್ಮೇಲೆ ಒಬ್ಬರು ಎದ್ದು ಹೋದ್ರೂ..." ಎಲ್ಕಾನಾ ಬಾಯಿ ಹಾಕಿದ.

"ಆ ವಾದ ಸರಿಯಾಗೇ ಇದೆ" ಎಂದರು ಬಾಗಿಲ ಬಳಿಯಿಂದ ಗೆರ್ಶೋನ್, ತೀರಾ ನೊಂದುಕೊಂಡು. "ಆದ್ರೆ ನಾವಿನ್ನೂ ಶುರುನೇ ಮಾಡಿರ್ಲಿಲ್ಲ. ಮುಂದಿನ ವರ್ಷ ಬಾ."

ಹಿಂತಿರುಗುವಾಗ ಎಲ್ಕಾನಾ ನೇರ ದಾರಿಯಲ್ಲೇ ಬಂದ. ಮಾವ ಸೌತೆಕಾಯಿ ಪೀಪಾಯಿಯಿಂದ ತಲೆಯೆತ್ತಿ, ಏನಾಯಿತೆಂದು ಕೇಳಿದರು.

"ಒಂದಾಳು ಕಮ್ಮಿ ಆಯ್ತು ಮಾವ."

"ನಾನು ಮೊದ್ಲಿಂದ ಅದನ್ನೇ ಹೇಳ್ತಿದ್ನಲ್ಲ" ಎಂದು ಮಾವ ಏಪ್ರನ್ ಕೊಡವಿ ಅಳಿಯನ ಕೊರಳಿಗೆ ಹಾಕಿದರು.